ಪೆಟ್ಟು ತಿಂದವನ ಪಾಲು

ನಮ್ಮ ಕಡೆ ಬಡಿದಾಟವಾದರೆ ಜನರು ಕೇಳುವ ಮೊದಲ ಪ್ರಶ್ನೆ, "ಹೊಡೆದವನು ಸಿಕ್ಕನೇ?" ಎಂಬುದು. ಪೆಟ್ಟು ತಿಂದವನು ನಾಳೆ ಏನು ಉಣ್ಣುವನೆಂದು ಕೇಳುವವರು ವಿರಳ. ನಾನೂ ಹಾಗೆಯೇ ಇದ್ದೆ. ಕಳೆದ ವರ್ಷ ಕಾರಹುಣ್ಣಿಮೆಯ ಮರುವಾರ, ಮುಧೋಳದಿಂದ ನಮ್ಮೂರಿಗೆ ಕತ್ತಲಲ್ಲಿ ನಡೆದು ಬರುತ್ತಿದ್ದ ಕಾಕಾನನ್ನು ಅಪರಿಚಿತರಿಬ್ಬರು ಸಲಾಕೆಯಿಂದ ಹೊಡೆದು, ವಾರದ ಕೂಲಿಯನ್ನು ಕಸಿದುಕೊಂಡು ಹೋದರು. ಬಲಗೈ ಮುರಿಯಿತು. ಗಣಿಯಲ್ಲಿ ಫರಸಿ ಎತ್ತುವವನಿಗೆ ಕೈಯೇ ಹೊಲ, ಕೈಯೇ ಎತ್ತು. ಔಷಧಕ್ಕೆಂದು ಎಮ್ಮೆಯನ್ನು ಮಾರಿದೆವು. ಹೊಡೆದವರು ಸಿಗಲಿಲ್ಲ. ಪತ್ತೆಯಾಗದ ಪ್ರಕರಣವೆಂದು 'ಸಿ' ರಿಪೋರ್ಟು ಹೋಯಿತು. ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಮನೆಯವರು ಸುಮ್ಮನಾದರು.

ಮುಗಿದಿರಲಿಲ್ಲವೆಂಬುದನ್ನು ನಾನು ತಿಳಿದದ್ದು ಈ ವರ್ಷ, ಕಾಲೇಜಿನ ವಾಚನಾಲಯದಲ್ಲಿ ಕುಳಿತು ಕಾಯಿದೆಯ ಪುಸ್ತಕವನ್ನು ತೆರೆದಾಗ. ನಾನು ಕಾನೂನಿನ ವಿದ್ಯಾರ್ಥಿಯಲ್ಲ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ಮೊದಲು ನಮ್ಮ ಕಾಯಿದೆಯಲ್ಲಿ ಪರಿಹಾರವೆಂದರೆ ಬಹುಮಟ್ಟಿಗೆ ಅಪರಾಧಿಯ ದಂಡದ ಹಣದಿಂದ ಬರತಕ್ಕದ್ದಾಗಿತ್ತು. ಅಪರಾಧಿ ಸಿಗದಿದ್ದರೆ, ಸಿಕ್ಕರೂ ಬರಿಗೈಯವನಾಗಿದ್ದರೆ, ಗಾಯಾಳುವಿಗೆ ಏನೂ ಇಲ್ಲ. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳಿಮಠರ ಸಮಿತಿಯು 2003ರ ವರದಿಯಲ್ಲಿ, ಈ ಹೊಣೆಯನ್ನು ಸರಕಾರವೇ ಹೊರಬೇಕೆಂದು ಹೇಳಿತು. 2008ರ ತಿದ್ದುಪಡಿಯಿಂದ ದಂಡ ಪ್ರಕ್ರಿಯಾ ಸಂಹಿತೆಗೆ 357-ಎ ಎಂಬ ಕಲಮು ಸೇರಿ, 2009ರ ಡಿಸೆಂಬರ್ 31ರಿಂದ ಜಾರಿಗೆ ಬಂದಿತು. 2011ರಲ್ಲಿ ನಮ್ಮ ರಾಜ್ಯ ತನ್ನ ಯೋಜನೆಯನ್ನು ರೂಪಿಸಿತು. 2024ರ ಜುಲೈ 1ರಿಂದ ಅದೇ ವಿಷಯ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಕಲಮಿನಲ್ಲಿದೆ.

ಅದರ ನಾಲ್ಕನೆಯ ಉಪಕಲಮನ್ನು ನಾನು ಮೂರು ಸಲ ಓದಿದೆ. ಅಪರಾಧಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ, ನೊಂದವನು ಜಿಲ್ಲಾ ಅಥವಾ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಾನೇ ಅರ್ಜಿ ಕೊಡಬಹುದು! ಪ್ರಾಧಿಕಾರವು ಎರಡು ತಿಂಗಳೊಳಗೆ ವಿಚಾರಿಸಿ, ತಕ್ಕ ಪರಿಹಾರ ಕೊಡಬೇಕು. ಆರೋಪಿ ಖುಲಾಸೆಯಾದರೂ ನ್ಯಾಯಾಲಯವು ಪರಿಹಾರಕ್ಕೆ ಶಿಫಾರಸು ಮಾಡಬಹುದು. ಠಾಣಾಧಿಕಾರಿ ಇಲ್ಲವೆ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರವಿದ್ದರೆ ಪ್ರಥಮ ಚಿಕಿತ್ಸೆಯನ್ನು ಪುಕ್ಕಟೆಯಾಗಿ ಒದಗಿಸುವಂತೆ ಪ್ರಾಧಿಕಾರ ಆಜ್ಞೆ ಮಾಡಬಹುದು. ನಮ್ಮ ಎಮ್ಮೆಯ ನೆನಪು ಬಂದದ್ದು ಇಲ್ಲಿಯೇ.

ಇದು ಪರದೇಶದಿಂದ ಬಂದ ದಯೆ ಎಂದು ಕೆಲವರು ತಿಳಿದಿದ್ದಾರೆ. ನ್ಯೂಜಿಲೆಂಡ್ 1963ರಲ್ಲಿ ಇಂತಹ ಕಾಯಿದೆ ಮಾಡಿದ್ದು ನಿಜ. ಆದರೆ ಶಹಾಬಾದ ಬಳಿಯ ಮರತೂರಿನವರು ನಮ್ಮವನೆಂದು ಹೆಮ್ಮೆಪಡುವ ವಿಜ್ಞಾನೇಶ್ವರನು, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಬರೆದ ಮಿತಾಕ್ಷರೆಯನ್ನು ನೋಡಿರಿ. ಅದು ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನ. ಕಳ್ಳರು ಒಯ್ದ ಒಡವೆಯನ್ನು ಅರಸನು ಪ್ರಜೆಗೆ ಮರಳಿಸಬೇಕು. ಹಿಡಿಯಲಾಗದಿದ್ದರೆ ತನ್ನ ಬೊಕ್ಕಸದಿಂದ ಕೊಡಬೇಕು. ಹೊಡೆದು ಗಾಯ ಮಾಡಿದವನೋ, ದಂಡದ ಜೊತೆಗೆ ಗುಣವಾಗುವವರೆಗಿನ ಖರ್ಚನ್ನೂ ತೆರಬೇಕು. ಕಳವಿಗೆ ಬೊಕ್ಕಸ ತೆರೆಯಿತು, ಮುರಿದ ಕೈಗೆ ತೆರೆಯಲಿಲ್ಲ. ಆ ಅಂತರವನ್ನು ತುಂಬಲು ಒಂಬತ್ತು ಶತಮಾನ ಹಿಡಿಯಿತು.

ಮೊತ್ತದ ಮಾತು. ಆಮ್ಲದಾಳಿಯಲ್ಲಿ ಕನಿಷ್ಠ 3 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಲಕ್ಷ್ಮಿಯವರ ಪ್ರಕರಣದಲ್ಲಿ ಆಜ್ಞಾಪಿಸಿತು. ಸ್ತ್ರೀಯರಿಗಾಗಿ 2018ರಲ್ಲಿ ಪ್ರತ್ಯೇಕ ಯೋಜನೆಯೇ ಬಂದಿತು. ಉಳಿದ ಗಾಯಗಳಿಗೆ ರಾಜ್ಯದ ಪಟ್ಟಿಯೇ ಗತಿ.

ಆದರೆ ಕಾಗದವಿಲ್ಲದೆ ಕಲಮು ನಡೆಯದು. ದೂರಿನ ಪ್ರತಿ, ಗಾಯದ ಪ್ರಮಾಣಪತ್ರ, ಔಷಧದ ಚೀಟಿಗಳು, ಕೂಲಿ ನಿಂತುದಕ್ಕೆ ಆಧಾರ, ಇಷ್ಟನ್ನು ಮೊದಲ ದಿನದಿಂದಲೇ ಕಾಪಾಡಬೇಕು. ನಮ್ಮ ಮನೆಯಲ್ಲಿ ಚೀಟಿಗಳಲ್ಲಿ ಅರ್ಧ ಒಲೆಯ ಪಾಲಾಗಿದ್ದವು. ಅರ್ಜಿಗೆ ಕಾಲಮಿತಿಯುಂಟು, ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವುದೂ ಉಂಟು. ಕಲಬುರಗಿಗೆ ಹೋಗಲಾರದವರು ತಾಲೂಕು ಕೋರ್ಟಿನ ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಬಹುದು. 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ.

ನಾನು ಅರ್ಜಿ ಬರೆದೆ. ವಿಳಂಬಕ್ಕೆ ಕಾರಣವೆಂದು, "ಹೀಗೊಂದು ಹಕ್ಕಿದೆಯೆಂದು ನಮಗೆ ಯಾರೂ ಹೇಳಲಿಲ್ಲ" ಎಂದು ಇದ್ದುದನ್ನೇ ಬರೆದೆ. ಕಾಕಾ ರಾತ್ರಿಶಾಲೆಯಲ್ಲಿ ಸಹಿ ಕಲಿತವನು. ಹೆಬ್ಬೆಟ್ಟು ಒತ್ತುವುದೆಂದರೆ ಅವನಿಗೆ ಅವಮಾನ. ಬಲಗೈಯಲ್ಲಿ ಪೆನ್ನು ಹಿಡಿದು ನೋಡಿದ, ನಿಲ್ಲಲಿಲ್ಲ. ಎಡಗೈಯಿಂದ, ಕೂಸು ತಿದ್ದಿದಂತೆ, ಬಹಳ ಹೊತ್ತು ಹಿಡಿದು ತನ್ನ ಹೆಸರು ಬರೆದ. ಅರ್ಜಿ ಈಗ ವಿಚಾರಣೆಯಲ್ಲಿದೆ.