ಉತ್ತರ ಧ್ರುವದ ಬಳಿ ಭಾರತದ ‘ಹಿಮಾದ್ರಿ’

ಪ್ರಶ್ನೆ: ಉತ್ತರ ಧ್ರುವದ ಹತ್ತಿರ ಭಾರತದ ಸಂಶೋಧನಾ ಕೇಂದ್ರವಿದೆ ಎಂದು ಓದಿದೆ. ಇದು ಅಂಟಾರ್ಕ್ಟಿಕದ ಕೇಂದ್ರವೇ, ಬೇರೆಯೇ? ಪರದೇಶದ ನೆಲದಲ್ಲಿ ನಮಗೆ ಜಾಗ ಸಿಕ್ಕಿದ್ದು ಹೇಗೆ? ಅಷ್ಟು ದೂರದ ಹಿಮದಿಂದ ನಮಗೇನು ಪ್ರಯೋಜನ?
– ಓದುಗರೊಬ್ಬರು, ವಿಕ್ರೋಳಿ, ಮುಂಬಯಿ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಿಮ್ಮ ಮೂರು ಸಂದೇಹಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಜಾಗ. ಮೈತ್ರಿ ಮತ್ತು ಭಾರತಿ ನಮ್ಮ ಅಂಟಾರ್ಕ್ಟಿಕ ಕೇಂದ್ರಗಳು. ಅವು ದಕ್ಷಿಣದ ತುದಿಯಲ್ಲಿವೆ. ನೀವು ಓದಿದ್ದು ‘ಹಿಮಾದ್ರಿ’ಯ ಬಗ್ಗೆ. ಅದು ಉತ್ತರದ ಆರ್ಕ್ಟಿಕ್‌ನಲ್ಲಿದೆ. ಎರಡೂ ಕಡೆ ಹಿಮವೇ ಇರುವುದರಿಂದ ಗೊಂದಲ ಸಹಜ. ನೆನಪಿಡಲು ಸುಲಭದ ದಾರಿ ಇದು: ಅಂಟಾರ್ಕ್ಟಿಕ ಎಂದರೆ ಸುತ್ತ ಸಮುದ್ರವಿರುವ ನೆಲ, ಆರ್ಕ್ಟಿಕ್ ಎಂದರೆ ಸುತ್ತ ನೆಲವಿರುವ ಸಮುದ್ರ. ಉತ್ತರ ಧ್ರುವದ ಬಿಂದುವಿನಲ್ಲಿ ಇರುವುದು ತೇಲುವ ಮಂಜುಗಡ್ಡೆ. ಅಲ್ಲಿ ಶಾಶ್ವತ ಕಟ್ಟಡ ನಿಲ್ಲದು. ಹಿಮಾದ್ರಿ ಇರುವುದು ಧ್ರುವದಿಂದ ಸುಮಾರು 1,200 ಕಿ.ಮೀ. ಈಚೆಗೆ, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ನ್ಯೂ-ಓಲೆಸುಂಡ್ ಎಂಬ ಪುಟ್ಟ ಊರಿನಲ್ಲಿ. ಕೇಂದ್ರ ಆರಂಭವಾದದ್ದು 2008ರ ಜುಲೈ 1ರಂದು.

ಈ ಊರು ಮೊದಲು ಕಲ್ಲಿದ್ದಲು ಗಣಿಯಾಗಿತ್ತು. 1962ರ ನವೆಂಬರಿನಲ್ಲಿ ಗಣಿಯೊಳಗೆ ಸ್ಫೋಟವಾಗಿ 21 ಮಂದಿ ಸತ್ತರು. ಮರುವರ್ಷ ಗಣಿ ಮುಚ್ಚಿತು. ಆಮೇಲೆ ಊರು ವಿಜ್ಞಾನಿಗಳದ್ದಾಯಿತು. ಇಂದು ಹಲವು ದೇಶಗಳ ಕೇಂದ್ರಗಳು ಅಲ್ಲಿವೆ. ಚಳಿಗಾಲದಲ್ಲಿ ಉಳಿಯುವವರು ಮೂವತ್ತು ನಲವತ್ತು ಜನ ಮಾತ್ರ; ಬೇಸಿಗೆಯಲ್ಲಿ ನೂರು ದಾಟುತ್ತಾರೆ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಹಿಮಕರಡಿಗಳ ಭಯವಿರುವುದರಿಂದ ಊರಾಚೆ ಹೋಗುವವರು ಬಂದೂಕು ಒಯ್ಯುತ್ತಾರೆ. ಅಲ್ಲಿ ವೈಫೈ, ಬ್ಲೂಟೂತ್ ಬಳಸುವಂತಿಲ್ಲ. ಕೋಟ್ಯಂತರ ಜ್ಯೋತಿರ್ವರ್ಷ ದೂರದಿಂದ ಬರುವ ಕ್ಷೀಣ ರೇಡಿಯೋ ಅಲೆಗಳನ್ನು ಹಿಡಿದು ಭೂಮಿಯ ಚಲನೆಯನ್ನು ಅಳೆಯುವ ಆಂಟೆನಾಗಳಿಗೆ ಅವು ಅಡ್ಡಿಯಾಗುತ್ತವೆ.

ಎರಡನೆಯದು, ನಮಗೆ ಜಾಗ ಸಿಕ್ಕ ಬಗೆ. 1920ರ ಫೆಬ್ರವರಿ 9ರಂದು ಪ್ಯಾರಿಸ್‌ನಲ್ಲಿ ಆದ ಒಪ್ಪಂದ ಸ್ವಾಲ್ಬಾರ್ಡನ್ನು ನಾರ್ವೆಗೆ ಕೊಟ್ಟಿತು. ಜೊತೆಗೆ, ಸಹಿ ಹಾಕಿದ ದೇಶಗಳ ಪ್ರಜೆಗಳಿಗೆ ಅಲ್ಲಿ ಹೋಗಿಬರಲು, ಮೀನುಗಾರಿಕೆ, ಗಣಿಗಾರಿಕೆ ನಡೆಸಲು ಸಮಾನ ಅವಕಾಶವನ್ನೂ ನೀಡಿತು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತದ ಹೆಸರಿನಲ್ಲೂ ಅಂದು ಸಹಿ ಬಿದ್ದಿತ್ತು. ಹಾಗಾಗಿ ಸ್ವಾಲ್ಬಾರ್ಡ್‌ನೊಂದಿಗೆ ನಮ್ಮ ನಂಟು ನೂರು ವರ್ಷ ಹಳೆಯದು. ಆದರೆ ಹಿಮಾದ್ರಿಯ ನೆಲವಾಗಲೀ ಕಟ್ಟಡವಾಗಲೀ ನಮ್ಮ ಸ್ವಂತದ್ದಲ್ಲ. ಊರನ್ನು ನೋಡಿಕೊಳ್ಳುವ ನಾರ್ವೆ ಸರ್ಕಾರದ ಕಿಂಗ್ಸ್ ಬೇ ಸಂಸ್ಥೆಯಿಂದ ನಾವು ಅದನ್ನು ಬಾಡಿಗೆಗೆ ಪಡೆದಿದ್ದೇವೆ.

ಮೂರನೆಯದು, ಪ್ರಯೋಜನ. ಸ್ವಾಲ್ಬಾರ್ಡ್‌ನ ಅರ್ಧಕ್ಕಿಂತ ಹೆಚ್ಚು ನೆಲವನ್ನು ಹಿಮನದಿಗಳು ಮುಚ್ಚಿವೆ. ಅವು ಕರಗಿದ ನೀರು ಸಮುದ್ರ ಸೇರಿದರೆ ಜಗತ್ತಿನ ಸಮುದ್ರಮಟ್ಟ ಏರುತ್ತದೆ. ನಿಮ್ಮ ವಿಕ್ರೋಳಿಯ ಕಾಂಡ್ಲಾ ಕಾಡು ನಿಂತಿರುವ ಠಾಣೆ ಖಾಡಿಗೂ ಅದೇ ಸಮುದ್ರದ ಉಬ್ಬರ ಬರುತ್ತದೆ. ಆರ್ಕ್ಟಿಕ್ ಬಿಸಿಯಾಗುವುದಕ್ಕೂ ನಮ್ಮ ಮುಂಗಾರಿಗೂ ಇರುವ ಸಂಬಂಧವನ್ನು ವಿಜ್ಞಾನಿಗಳು ಇನ್ನೂ ಬಿಡಿಸುತ್ತಿದ್ದಾರೆ. ಅದಕ್ಕೆ ವರ್ಷವರ್ಷದ ಅಳತೆಗಳು ಬೇಕು. 2014ರಲ್ಲಿ ಭಾರತ ಅಲ್ಲಿನ ಕೊಂಗ್ಸ್‌ಫ್ಯೋರ್ಡೆನ್ ಕೊಲ್ಲಿಯಲ್ಲಿ ‘ಇಂಡ್‌ಆರ್ಕ್’ ಎಂಬ ಉಪಕರಣಗಳ ಸರಣಿಯನ್ನು ನೀರೊಳಗೆ ಇಳಿಸಿತು. ವಿವಿಧ ಆಳಗಳಲ್ಲಿ ನೀರಿನ ಉಷ್ಣತೆ, ಉಪ್ಪಿನಂಶಗಳನ್ನು ದಾಖಲಿಸುವುದು ಅದರ ಕೆಲಸ.

ಮೊದಲೆಲ್ಲ ನಮ್ಮವರು ಚಳಿಗಾಲದಲ್ಲಿ ಅಲ್ಲಿ ಇರುತ್ತಿರಲಿಲ್ಲ. 2023ರ ಡಿಸೆಂಬರಿನಲ್ಲಿ ಮೊದಲ ಚಳಿಗಾಲದ ತಂಡ ಹೊರಟಿತು. ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು ಎಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ವಿಶ್ವದ ಆರಂಭಕಾಲದ ಹೈಡ್ರೋಜನ್ನಿನಿಂದ ಬರುವ ಅತಿ ಕ್ಷೀಣ ಸಂಕೇತವನ್ನು ಹುಡುಕಲು ಆ ಪ್ರದೇಶ ಎಷ್ಟು ಸೂಕ್ತ ಎಂದು ಪರೀಕ್ಷಿಸಲು ಅವರು ಹೋಗಿದ್ದರು.

ಈ ಎಲ್ಲ ಕೆಲಸವನ್ನು ನಡೆಸುವುದು ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವೀಯ ಮತ್ತು ಸಾಗರ ಸಂಶೋಧನಾ ಕೇಂದ್ರ. ಆರ್ಕ್ಟಿಕ್ ಯಾತ್ರೆಗೆ ಅದು ಸಂಶೋಧಕರಿಂದ ಪ್ರಸ್ತಾವಗಳನ್ನು ಕರೆಯುತ್ತದೆ. ನಿಮ್ಮ ಮನೆಯಲ್ಲಿ ವಿಜ್ಞಾನ ಓದುತ್ತಿರುವ ಮಕ್ಕಳಿದ್ದರೆ ಈ ವಿಷಯವನ್ನು ಅವರಿಗೆ ತಪ್ಪದೆ ತಿಳಿಸಿ.