ರಾತ್ರಿ ಒಡೆದ ಪೈಪು ಮತ್ತು ನ್ಯಾಯವಾದ ಕೂಲಿ

ಇಸ್ಲಾಮ್ ದುಡಿಮೆಯನ್ನು ಆರಾಧನೆಯಿಂದ ಬೇರ್ಪಡಿಸಿಲ್ಲ. ಮಸೀದಿಯ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತ ಇಬ್ಬರು, ಹೊರಗೆ ಬಂದ ಮೇಲೆ ಒಬ್ಬರು ಕೂಲಿ ಕೊಡುವವರು, ಇನ್ನೊಬ್ಬರು ಕೂಲಿ ಪಡೆಯುವವರು ಆಗಿರುತ್ತಾರೆ. ನಮಾಝಿನ ಪರಿಣಾಮ ಬದುಕಿನಲ್ಲಿ ಇದೆಯೋ ಇಲ್ಲವೋ ಎಂಬುದು ಅಲ್ಲಿ ತಿಳಿಯುತ್ತದೆ. ಅಕ್ಕಿ, ಬಟ್ಟೆ, ಚಿನ್ನದ ವ್ಯಾಪಾರದ ವಿಧಿಗಳನ್ನು ನಾವು ಆಗಾಗ ಕೇಳುತ್ತೇವೆ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ನಲ್ಲಿ, ಪೈಪು ರಿಪೇರಿಗೆ ಬರುವವನ ಕೂಲಿ ಎಷ್ಟಿರಬೇಕು ಎಂದು ಯೋಚಿಸುವವರು ಕಡಿಮೆ. ಇದು ಚಿಕ್ಕ ವಿಷಯವೆಂದು ತೋರಿದರೂ ಹಲಾಲ್ ಮತ್ತು ಹರಾಮಿನ ಗಡಿ ಇಲ್ಲಿಯೂ ಇದೆ.

ಒಂದು ಉದಾಹರಣೆ

ಹೊಳೆನರಸೀಪುರದ ಒಂದು ಮನೆ ಎಂದಿಟ್ಟುಕೊಳ್ಳಿ. ರಾತ್ರಿ 11 ಗಂಟೆ. ಮನೆಯ ಯಜಮಾನ ಪರಊರಿನಲ್ಲಿದ್ದಾನೆ. ಮನೆಯಲ್ಲಿರುವುದು ತಾಯಿ ಮತ್ತು ಚಿಕ್ಕ ಮಕ್ಕಳು. ಅಡುಗೆಮನೆಯ ಗೋಡೆಯಲ್ಲಿ ಪೈಪಿನ ಜೋಡಣೆ ಬಿಟ್ಟುಹೋಗಿ, ಮೇಲಿನ ಟ್ಯಾಂಕಿನ ನೀರೆಲ್ಲ ಒಳಗೆ ಸುರಿಯುತ್ತಿದೆ. ಗೇಟ್‌ವಾಲ್ವ್ ತುಕ್ಕು ಹಿಡಿದು ತಿರುಗುತ್ತಿಲ್ಲ. ಆಕೆ ಪ್ಲಂಬರನಿಗೆ ಫೋನ್ ಮಾಡುತ್ತಾಳೆ. ಹಗಲಿನಲ್ಲಿ ಅದೇ ಕೆಲಸಕ್ಕೆ ಅವನು ಪಡೆಯುವುದು 300 ರೂಪಾಯಿ. ಈಗ ಬಾಗಿಲಲ್ಲಿ ನಿಂತು, ನಡುಮನೆಯವರೆಗೆ ಬಂದಿರುವ ನೀರನ್ನು ನೋಡಿ 2,500 ಎನ್ನುತ್ತಾನೆ. ಆಕೆ ಒಪ್ಪುತ್ತಾಳೆ. ಒಪ್ಪದೆ ಬೇರೆ ದಾರಿ ಏನಿದೆ?

“ಅವರೇ ಒಪ್ಪಿ ಕೊಟ್ಟರಲ್ಲ, ನಾನೇನು ಕಸಿದುಕೊಂಡೆನೇ?” ಎಂದು ಅವನು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದೇ ಈ ಪಾಠದ ಉದ್ದೇಶ.

ಹೆಚ್ಚು ಕೇಳುವುದು ತಪ್ಪೇ?

ಮೊದಲು ದುಡಿಯುವವನ ಪಕ್ಷವನ್ನು ನೋಡೋಣ. ರಾತ್ರಿಯ ಕೆಲಸಕ್ಕೆ ಹಗಲಿಗಿಂತ ಹೆಚ್ಚು ಕೂಲಿ ಕೇಳುವುದು ತಪ್ಪಲ್ಲ. ಅವನ ನಿದ್ದೆ ಕೆಡುತ್ತದೆ. ಮರುದಿನದ ಕೆಲಸ ತಡವಾಗುತ್ತದೆ. ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳು ಹತ್ತಿರವೇನಲ್ಲ. ರಾತ್ರಿ ಬಸ್ಸು ಕಡಿಮೆ, ಬೈಕಿನಲ್ಲೇ ಹೋಗಬೇಕು. ಸಣ್ಣ ಊರುಗಳಲ್ಲಿ ಹಾರ್ಡ್‌ವೇರ್ ಅಂಗಡಿ ಸಂಜೆಯೇ ಮುಚ್ಚಿರುತ್ತದೆ. ಆದ್ದರಿಂದ ಎಲ್ಬೋ, ಕಪ್ಲಿಂಗ್, ವಾಷರ್, ಪೈಪಿನ ಅಂಟು ಎಲ್ಲವನ್ನೂ ಅವನು ಮುಂಚೆಯೇ ತನ್ನ ಹಣದಲ್ಲಿ ಕೊಂಡು ಚೀಲದಲ್ಲಿ ಇಟ್ಟುಕೊಂಡಿರಬೇಕು. ಅಂಟು ಹಿಡಿಯುವವರೆಗೆ ಕಾದು, ನೀರು ಬಿಟ್ಟು ನೋಡಿಯೇ ಮನೆಗೆ ಮರಳಬೇಕು. ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆಯು ನಿಗದಿತ ಅವಧಿ ಮೀರಿದ ದುಡಿಮೆಗೆ ಸಾಮಾನ್ಯ ದರದ ಎರಡರಷ್ಟು ಕೂಲಿಯನ್ನು ಗೊತ್ತುಪಡಿಸಿತ್ತು. ಹೊತ್ತು ಮೀರಿದ ದುಡಿಮೆಗೆ ಹೆಚ್ಚಿನ ಬೆಲೆಯಿದೆ ಎಂಬುದು ಎಲ್ಲರೂ ಒಪ್ಪಿದ ಮಾತು.

ಹದೀಸಿನಲ್ಲಿಯೂ ಇದಕ್ಕೆ ಹತ್ತಿರದ ಒಂದು ಘಟನೆಯಿದೆ. ಪ್ರಯಾಣದಲ್ಲಿದ್ದ ಸಹಾಬಿಗಳಿಗೆ ಒಂದು ಗೋತ್ರದವರು ಆತಿಥ್ಯ ನಿರಾಕರಿಸಿದರು. ಅಷ್ಟರಲ್ಲಿ ಆ ಗೋತ್ರದ ಮುಖಂಡನಿಗೆ ವಿಷಜಂತು ಕಚ್ಚಿತು. ಸಹಾಬಿಗಳು ಒಂದು ಕುರಿಹಿಂಡನ್ನು ಪ್ರತಿಫಲವೆಂದು ಮೊದಲೇ ಗೊತ್ತುಮಾಡಿಕೊಂಡು, ಸೂರಃ ಫಾತಿಹಾ ಓದಿ ಉಪಚರಿಸಿದರು. ಪ್ರವಾದಿವರ್ಯರು(ಸ) ಇದನ್ನು ಕೇಳಿ ಒಪ್ಪಿದರು. ತುರ್ತಿನ ವೇಳೆಯ ಕೆಲಸಕ್ಕೆ ಪ್ರತಿಫಲ ಪಡೆಯುವುದೇ ದೋಷವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಗಡಿ ಎಲ್ಲಿದೆ?

ಪರಸ್ಪರ ಒಪ್ಪಿಗೆಯ ವ್ಯಾಪಾರದ ಹೊರತು ಒಬ್ಬರ ಸೊತ್ತನ್ನು ಇನ್ನೊಬ್ಬರು ಅನ್ಯಾಯವಾಗಿ ತಿನ್ನಬಾರದೆಂದು ಸೂರಃ ಅನ್ನಿಸಾದ 29ನೆಯ ಆಯತ್ ಆಜ್ಞಾಪಿಸುತ್ತದೆ. ಒಪ್ಪಿಗೆ ಎಂದರೆ ಬಾಯಲ್ಲಿ “ಆಯಿತು” ಎನ್ನುವುದು ಮಾತ್ರವಲ್ಲ, ಮನಸ್ಸಿನ ತೃಪ್ತಿಯೂ ಬೇಕು. ಕಾಲ ಕೆಳಗೆ ನೀರು ಹರಿಯುತ್ತಿರುವಾಗ ಹೊರಟ “ಆಯಿತು” ಎಂಬ ಮಾತಿನಲ್ಲಿ ತೃಪ್ತಿ ಎಲ್ಲಿದೆ?

ಆದುದರಿಂದಲೇ ಕರ್ಮಶಾಸ್ತ್ರದ ವಿದ್ವಾಂಸರು ‘ಉಜ್ರತುಲ್ ಮಿಸ್ಲ್’ ಎಂಬ ಅಳತೆಯನ್ನು ಇಟ್ಟುಕೊಂಡರು. ಅದೇ ಊರಿನಲ್ಲಿ, ಅದೇ ತರದ ಕೆಲಸಕ್ಕೆ, ಅದೇ ಹೊತ್ತಿನಲ್ಲಿ, ಒತ್ತಡವಿಲ್ಲದ ಜನರು ಕೊಡುವ ಕೂಲಿ ಎಂದು ಇದರ ಅರ್ಥ. 1328ರಲ್ಲಿ ನಿಧನರಾದ ಇಮಾಮ್ ಇಬ್ನ್ ತೈಮಿಯ್ಯ(ರ) ಈ ವಿಷಯವನ್ನು ವಿವರವಾಗಿ ಬರೆದಿದ್ದಾರೆ. ನೇಯುವವರು, ಮನೆ ಕಟ್ಟುವವರು ಮುಂತಾದವರ ಕೆಲಸ ಜನರಿಗೆ ಅನಿವಾರ್ಯವಾದಾಗ ಅವರು ಸಮಾನ ಕೂಲಿಗೆ ದುಡಿಯಬೇಕು, ಅದಕ್ಕಿಂತ ಹೆಚ್ಚು ಹಿಂಡಬಾರದು, ಜನರೂ ಅದಕ್ಕಿಂತ ಕಡಿಮೆ ಕೊಟ್ಟು ಅವರಿಗೆ ಅನ್ಯಾಯ ಮಾಡಬಾರದು ಎಂಬುದು ಅವರ ಅಭಿಪ್ರಾಯ. ಎರಡೂ ಕಡೆಗೆ ಒಂದೇ ತಕ್ಕಡಿ ಎಂಬುದನ್ನು ಗಮನಿಸಿರಿ.

ಮದೀನಾದಲ್ಲಿ ಬೆಲೆ ಏರಿದಾಗ ದರ ನಿಗದಿ ಮಾಡಬೇಕೆಂದು ಜನರು ಪ್ರವಾದಿವರ್ಯರನ್ನು(ಸ) ಕೇಳಿದರು. ಯಾರ ಜೀವದ ಅಥವಾ ಸೊತ್ತಿನ ವಿಷಯದಲ್ಲೂ ಅನ್ಯಾಯದ ದೂರು ತಮ್ಮ ಮೇಲಿರದಂತೆ ಅಲ್ಲಾಹನನ್ನು ಭೇಟಿಯಾಗಲು ಬಯಸುತ್ತೇನೆಂದು ತಿಳಿಸಿ ಅವರು ನಿರಾಕರಿಸಿದರು. ಅಧಿಕಾರಿಯ ದರಪಟ್ಟಿ ಇಲ್ಲದ ಕಡೆ ದರ ಹೇಳುವ ಹೊಣೆ ದುಡಿಯುವವನ ಮನಸ್ಸಾಕ್ಷಿಯ ಮೇಲೆ ಬೀಳುತ್ತದೆ. ಪ್ಲಂಬರನ ರಾತ್ರಿ ಕೂಲಿಗೂ ಇದೇ ಮಾತು.

ಸಾರಾಂಶ ಇಷ್ಟು: ರಾತ್ರಿಯ ಬೆಲೆ ಕೇಳಿರಿ, ಸಂಕಟದ ಬೆಲೆ ಕೇಳಬೇಡಿರಿ. ನಿದ್ದೆ, ದೂರ, ಸಾಮಾನು, ದುಡಿಮೆ ಇವು ನಿಮ್ಮವು. ಇವಕ್ಕೆ ಬೆಲೆಯಿದೆ. ಆ ತಾಯಿಯ ಭಯ ನಿಮ್ಮ ಸೊತ್ತಲ್ಲ. ಅದನ್ನು ಮಾರುವ ಹಕ್ಕು ನಿಮಗಿಲ್ಲ.

ದರ ಗೊತ್ತುಮಾಡುವ ಬಗೆ

ಪ್ಲಂಬರ್ ಸಹೋದರರು ಈ ಕೆಲವು ವಿಷಯಗಳನ್ನು ರೂಢಿಸಿಕೊಂಡರೆ ಕಷ್ಟವಿಲ್ಲ.

1. ದರವನ್ನು ಹಗಲಿನಲ್ಲಿಯೇ, ನೆಮ್ಮದಿಯಿಂದಿರುವಾಗ ಗೊತ್ತುಮಾಡಿ ಬರೆದಿಡಿರಿ. ಹಗಲಿನ ಕೂಲಿ ಇಷ್ಟು, ರಾತ್ರಿ 9ರ ನಂತರ ಅದರ ಒಂದೂವರೆ ಅಥವಾ ಎರಡು ಪಟ್ಟು, ಕಿಲೋಮೀಟರಿಗೆ ಇಷ್ಟು. ಬಾಗಿಲಲ್ಲಿ ನಿಂತು ನೀರು ನೋಡಿ ಹೇಳುವ ದರದಲ್ಲಿ ಶೈತಾನನ ಪಾಲಿರುತ್ತದೆ.

2. ಹೊರಡುವ ಮುನ್ನ ಫೋನಿನಲ್ಲಿಯೇ ತಿಳಿಸಿರಿ. ಮದ್‌ಯನ್‌ನ ಹಿರಿಯರು ಮೂಸಾ(ಅ)ರನ್ನು ಕೆಲಸಕ್ಕೆ ಇಟ್ಟುಕೊಂಡಾಗ ಅವಧಿ 8 ವರ್ಷ, 10 ಪೂರೈಸಿದರೆ ಅದು ಅವರ ಔದಾರ್ಯ ಎಂದು ಮೊದಲೇ ಹೇಳಿದರು. ಕಷ್ಟಕ್ಕೆ ಗುರಿಪಡಿಸುವ ಇಚ್ಛೆ ತಮಗಿಲ್ಲವೆಂದೂ ಸೇರಿಸಿದರು. ಸೂರಃ ಅಲ್‌ಕಸಸ್‌ನಲ್ಲಿ ಇದರ ಉಲ್ಲೇಖವಿದೆ.

3. ಶ್ರೀಮಂತ, ಬಡವ, ಮುಸ್ಲಿಮ್, ಮುಸ್ಲಿಮೇತರ ಎಂದು ದರ ಏರಿಸಬೇಡಿರಿ. ಬಡವರಿಗೆ ಇಳಿಸುವುದು ಪುಣ್ಯ.

4. ಸಾಮಾನಿಗೆ ಬಿಲ್ಲಿನ ಬೆಲೆ ಮಾತ್ರ. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆ ಮೀರುವುದು 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರವೂ ತಪ್ಪು.

5. ರಾತ್ರಿ ಸೋರಿಕೆ ನಿಲ್ಲಿಸಿದರೆ ಸಾಕು ಎನ್ನುವಲ್ಲಿ ಅಷ್ಟನ್ನೇ ಮಾಡಿರಿ. ಪೂರ್ತಿ ಪೈಪು ಬದಲಿಸುವುದಿದ್ದರೆ ಮರುದಿನ ಹಗಲಿನ ದರದಲ್ಲಿ ಮಾಡಿಕೊಡಿರಿ.

ಒಂದು ಲೆಕ್ಕ ನೋಡಿ. ಅಂಕಿಗಳು ವಿವರಣೆಗಾಗಿ ಮಾತ್ರ. ಅರಕಲಗೂಡಿನಿಂದ 12 ಕಿ.ಮೀ. ದೂರದ ಹಳ್ಳಿಗೆ ರಾತ್ರಿ ಕರೆ ಬಂತು. ಹಗಲಿನ ಕೂಲಿ 300, ರಾತ್ರಿಗೆ ಎರಡು ಪಟ್ಟು 600. ಹೋಗಿಬರಲು 24 ಕಿ.ಮೀ., ಕಿಲೋಮೀಟರಿಗೆ 5ರಂತೆ 120. ಸಾಮಾನು ಬಿಲ್ಲಿನಂತೆ 90. ಒಟ್ಟು 810 ರೂಪಾಯಿ. ಹಗಲಾಗಿದ್ದರೆ 510 ಆಗುತ್ತಿತ್ತು. ಹೆಚ್ಚಾದ 300 ರೂಪಾಯಿ ರಾತ್ರಿಯ ಬೆಲೆ. ಇದನ್ನು ಯಾರ ಮುಂದೆಯೂ ಬಿಡಿಸಿ ಹೇಳಬಹುದು. ಆದರೆ 2,500ನ್ನು ಬಿಡಿಸಿ ಹೇಳಲಾಗದು. ಬಿಡಿಸಿ ಹೇಳಲಾಗದ ಹಣವನ್ನು ಮಕ್ಕಳ ತಟ್ಟೆಗೆ ಹಾಕುವ ಮುನ್ನ ಯೋಚಿಸಬೇಕು.

ಮನೆಯವರ ಹೊಣೆ

ಇನ್ನು ಕೆಲಸ ಮಾಡಿಸಿಕೊಳ್ಳುವವರ ಮಾತು. ಅಳತೆ ಮಾಡಿ ಪಡೆಯುವಾಗ ಪೂರ್ತಿ ಪಡೆದು, ಕೊಡುವಾಗ ಕಡಿಮೆ ಮಾಡುವವರಿಗೆ ಸೂರಃ ಅಲ್‌ಮುತಫ್ಫಿಫೀನ್ ವಿನಾಶದ ಎಚ್ಚರಿಕೆ ಕೊಡುತ್ತದೆ. ರಾತ್ರಿ “ಎಷ್ಟಾದರೂ ಕೊಡುತ್ತೇವೆ, ಬೇಗ ಬಾರಪ್ಪ” ಎಂದು ಕರೆದು, ನೀರು ನಿಂತ ಮೇಲೆ “ಹತ್ತು ನಿಮಿಷದ ಕೆಲಸಕ್ಕೆ ಇಷ್ಟಾ?” ಎಂದು ಚೌಕಾಶಿ ಮಾಡುವವರು ಇದೇ ಸಾಲಿಗೆ ಸೇರುತ್ತಾರೆ. ಹತ್ತು ನಿಮಿಷದಲ್ಲಿ ಮುಗಿಸುವ ಕೈಗೆ ಎಷ್ಟೋ ವರ್ಷದ ಅನುಭವವಿದೆ. ಕೆಲಸ ಪೂರ್ತಿ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಬುಖಾರಿಯ ಹದೀಸಿನಲ್ಲಿದೆ. “ನಾಳೆ ಅಂಗಡಿಗೆ ಬಾ” ಎನ್ನದೆ ಅಲ್ಲಿಯೇ ಕೊಟ್ಟುಬಿಡಿರಿ.

ಹಾಗೆಯೇ ಎಲ್ಲವೂ ತುರ್ತಲ್ಲ. ಹನಿಹನಿ ಸೋರುವ ನಲ್ಲಿಗೆ ಬಕೆಟ್ ಇಟ್ಟು ಬೆಳಗಿನವರೆಗೆ ಕಾಯಬಹುದು. ಪೈಪು ಒಡೆದಾಗ ಮೊದಲು ಮೋಟಾರ್ ನಿಲ್ಲಿಸಿ, ಟ್ಯಾಂಕಿನ ಬಳಿಯ ಗೇಟ್‌ವಾಲ್ವ್ ಮುಚ್ಚಿರಿ. ಸಣ್ಣ ಬಿರುಕಾದರೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದು ಬಿಗಿಯಾಗಿ ಸುತ್ತಿ ಕಟ್ಟಿದರೆ ರಾತ್ರಿ ಕಳೆಯುತ್ತದೆ. ವಾಲ್ವನ್ನು ತಿಂಗಳಿಗೊಮ್ಮೆ ತಿರುಗಿಸಿ ನೋಡುತ್ತಿದ್ದರೆ ಬೇಕಾದಾಗ ಅದು ಕೈಕೊಡುವುದು ಅಪರೂಪ. ಕೊಳವೆಬಾವಿಯ ಗಡಸು ನೀರು ಬಳಸುವವರು ಇದನ್ನು ಮರೆಯಲೇಬಾರದು. ವಾಲ್ವ್ ಎಲ್ಲಿದೆ ಎಂದು ಮನೆಯ ಹೆಂಗಸರಿಗೂ ಮಕ್ಕಳಿಗೂ ತೋರಿಸಿಡಿರಿ.

ಹಣ ತೆತ್ತ ಮೇಲೆ ಬಿಲ್ ಕೇಳಿ ಪಡೆಯಿರಿ. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಬಿಲ್ ಇದ್ದರೆ ಜಗಳಕ್ಕೂ ಎಡೆಯಿರದು.

ಜಮಾಅತ್ ಏನು ಮಾಡಬಹುದು?

ಮದೀನಾದಲ್ಲಿ ರೂಮಾ ಬಾವಿಯ ನೀರನ್ನು ಬೆಲೆಗೆ ಮಾರಲಾಗುತ್ತಿತ್ತು. ಹಝ್ರತ್ ಉಸ್ಮಾನ್(ರ) ತಮ್ಮ ಹಣದಿಂದ ಅದನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ಬಾವಿಯ ಒಡೆಯನ ಸೊತ್ತನ್ನು ಕಸಿಯಲಿಲ್ಲ, ಬಾಯಾರಿದವರನ್ನೂ ಮರೆಯಲಿಲ್ಲ. ನಮ್ಮ ಊರುಗಳ ಜಮಾಅತ್‌ಗಳಿಗೆ ಇದರಲ್ಲಿ ಮಾದರಿಯಿದೆ. ಊರಿನ ಪ್ಲಂಬರುಗಳನ್ನು ಕೂರಿಸಿ ಮಾತಾಡಿ, ಅವರೇ ಒಪ್ಪಿದ ಹಗಲು ಮತ್ತು ರಾತ್ರಿಯ ದರವನ್ನು ಮಸೀದಿಯ ಫಲಕದಲ್ಲಿ ಬರೆಯಿಸಬಹುದು. ವಿಧವೆಯರ, ಬಡವರ ಮನೆಯ ರಾತ್ರಿ ಕರೆಗೆ ಹೆಚ್ಚಾಗುವ ಆ 300 ರೂಪಾಯಿಯನ್ನು ನೆರವಿನ ನಿಧಿಯಿಂದ ಭರಿಸಬಹುದು. ಆಗ ದುಡಿದವನಿಗೂ ನಷ್ಟವಿಲ್ಲ, ಬಡವರಿಗೂ ಭಾರವಿಲ್ಲ.

ಓದುಗರೇ, ಕೂಲಿಯ ಲೆಕ್ಕ ಬೆಳಗಾಗುವಷ್ಟರಲ್ಲಿ ಮರೆತುಹೋಗುತ್ತದೆ. ಕರ್ಮಗಳ ಲೆಕ್ಕ ಮಾತ್ರ ಉಳಿಯುತ್ತದೆ. ಕೊಡುವಾಗಲೂ ಪಡೆಯುವಾಗಲೂ ನ್ಯಾಯದ ತಕ್ಕಡಿಯನ್ನು ನೇರವಾಗಿ ಹಿಡಿಯುವ ಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೀನ್.