ಟ್ರಯತ್ಲಾನ್ ಪಂದ್ಯವೂ ಸ್ತ್ರೀಯರೂ

ಒಲಿಂಪಿಕ್ ಕ್ರೀಡೋತ್ಸವದಲ್ಲಿ ನಡೆಯುವ ಪಂದ್ಯಗಳೊಳಗೆ ಟ್ರಯತ್ಲಾನ್ ಎಂಬುದು ವಯಸ್ಸಿನಲ್ಲಿ ಕಿರಿಯದು. ಈ ಹೆಸರಿಗೆ ಗ್ರೀಕ್ ಮೂಲದಲ್ಲಿ ಮೂರು ಸ್ಪರ್ಧೆಗಳು ಎಂದು ಅರ್ಥ. ಪಂದ್ಯಾಳುಗಳು ಮೊದಲು 1.5 ಕಿಲೋಮೀಟರ್ ಈಜಿ, ನೀರಿನಿಂದ ಎದ್ದವರೇ 40 ಕಿಲೋಮೀಟರ್ ಬೈಸಿಕಲ್ ತುಳಿದು, ಕಡೆಗೆ 10 ಕಿಲೋಮೀಟರ್ ಓಡಿ ಗುರಿಯನ್ನು ಮುಟ್ಟಬೇಕು. ನಡುವೆ ವಿಶ್ರಾಂತಿಯಿಲ್ಲ, ಪಾದರಕ್ಷೆಯನ್ನು ಮೆಟ್ಟಿಕೊಳ್ಳುವ ಕಾಲವೂ ಲೆಕ್ಕಕ್ಕೆ ಸೇರುವುದು.

ಹೆಸರು ಗ್ರೀಕಿನದಾದರೂ ಪಂದ್ಯವು ಪ್ರಾಚೀನ ಗ್ರೀಸಿನದಲ್ಲ. 1974ನೆಯ ಇಸವಿ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯಾಗೋ ಪಟ್ಟಣದ ಮಿಷನ್ ಬೇ ಎಂಬಲ್ಲಿ ಓಟಗಾರರ ಸಂಘವೊಂದು ಈ ಹೆಸರಿನ ಪಂದ್ಯವನ್ನು ಮೊತ್ತಮೊದಲು ಏರ್ಪಡಿಸಿತು. ಅಲ್ಲಿ ಸ್ಪರ್ಧಿಸಿದವರಲ್ಲಿ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಎಂಬವರೂ ಅವರ ಪತ್ನಿ ಜೂಡಿಯೂ ಇದ್ದರು. ಈಜುಗಾರ, ಸೈಕಲ್ ಸವಾರ, ಓಟಗಾರ ಈ ಮೂವರಲ್ಲಿ ಗಟ್ಟಿಗನು ಯಾರೆಂಬ ಚರ್ಚೆಯನ್ನು ತೀರಿಸುವುದಕ್ಕಾಗಿ ಈ ದಂಪತಿಗಳು 1978ರಲ್ಲಿ ಹವಾಯಿ ದ್ವೀಪದಲ್ಲಿ ಇನ್ನೂ ಬಹು ದೀರ್ಘವಾದ ಪಂದ್ಯವನ್ನು ನಡೆಯಿಸಿದರು. ಆ ವರ್ಷ ಹೊರಟವರು 15 ಮಂದಿ, ಎಲ್ಲರೂ ಪುರುಷರೇ. ಮರುವರ್ಷ ಲಿನ್ ಲೆಮೇರ್ ಎಂಬ ಒಬ್ಬಳೇ ಸ್ತ್ರೀಯು ಅದರಲ್ಲಿ ಸೇರಿ, ಎಲ್ಲರೊಳಗೆ ಐದನೆಯವಳಾಗಿ ಗುರಿ ಮುಟ್ಟಿದಳು.

1982ರಲ್ಲಿ ಅದೇ ಪಂದ್ಯದಲ್ಲಿ ಜೂಲಿ ಮಾಸ್ ಎಂಬ ವಿದ್ಯಾರ್ಥಿನಿಯು ಸ್ತ್ರೀಯರೊಳಗೆ ಮುಂದಾಗಿದ್ದು, ಗುರಿಯ ಸಮೀಪದಲ್ಲಿ ಶಕ್ತಿಗುಂದಿ ಕುಸಿದಳು. ಎದ್ದಳು, ಮತ್ತೆ ಬಿದ್ದಳು. ಇನ್ನೊಬ್ಬಳು ಆಕೆಯನ್ನು ದಾಟಿ ಗೆದ್ದಳು. ಆದರೂ ಮಾಸ್ ಅಂಬೆಗಾಲಿಟ್ಟು ಗೆರೆಯನ್ನು ಮುಟ್ಟಿಯೇ ಬಿಟ್ಟಳು. ದೂರದರ್ಶನದಲ್ಲಿ ಇದನ್ನು ಕಂಡ ಅಸಂಖ್ಯಾತ ಜನರಿಗೆ ಗೆದ್ದವಳಿಗಿಂತ ಸೋತವಳ ಮುಖವೇ ನೆನಪಿನಲ್ಲಿ ಉಳಿಯಿತು. ಈ ಕ್ರೀಡೆಯ ಪ್ರಚಾರಕ್ಕೆ ಅದು ದೊಡ್ಡ ಕಾರಣವಾಯಿತು.

ಇಲ್ಲಿ ಇದಕ್ಕಿಂತ ಹಳೆಯದಾದ ಒಂದು ಸಂಗತಿಯನ್ನು ವಾಚಕರು ಸ್ಮರಿಸಬೇಕು. 1928ರಲ್ಲಿ ಆಮ್ಸ್ಟರ್‌ಡ್ಯಾಮ್ ನಗರದ ಒಲಿಂಪಿಕ್ಸಿನಲ್ಲಿ ಸ್ತ್ರೀಯರಿಗೆ 800 ಮೀಟರ್ ಓಟವನ್ನು ಇಟ್ಟಿದ್ದರು. ಜರ್ಮನಿಯ ಲೀನಾ ರಾಡ್ಕೆ ಎಂಬಾಕೆಯು 2 ನಿಮಿಷ 16.8 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆಯನ್ನು ಸ್ಥಾಪಿಸಿದಳು. ಆದರೆ ಓಟ ಮುಗಿದ ಮೇಲೆ ಕೆಲವರು ದಣಿದು ನೆಲದ ಮೇಲೆ ಒರಗಿದ್ದನ್ನೇ ಪತ್ರಿಕೆಗಳು ಉತ್ಪ್ರೇಕ್ಷಿಸಿ, ಹೆಂಗಸರ ಶರೀರವು ಇಂಥ ಶ್ರಮಕ್ಕೆ ತಕ್ಕದ್ದಲ್ಲವೆಂದು ಸಾರಿದವು. ಪುರುಷರು ದಣಿದು ಬಿದ್ದರೆ ಅದು ಶೌರ್ಯ. ಸ್ತ್ರೀಯರು ಬಿದ್ದರೆ ಅದು ಅಪಾಯ! ಆ ಓಟವನ್ನು ತೆಗೆದುಹಾಕಿದರು. ಅದು ತಿರುಗಿ ಬಂದದ್ದು 1960ರಲ್ಲಿ, ಅಂದರೆ 32 ವರ್ಷಗಳ ತರುವಾಯ. ಸ್ತ್ರೀಯರ ಸೈಕಲ್ ಪಂದ್ಯವು ಒಲಿಂಪಿಕ್ಸಿಗೆ ಸೇರಿದ್ದು 1984ರಲ್ಲಿ. 10,000 ಮೀಟರ್ ಓಟವು 1988ರಲ್ಲಿ.

ಟ್ರಯತ್ಲಾನಿನ ಕಥೆಯು ಹೀಗಲ್ಲ. 1989ರಲ್ಲಿ ಫ್ರಾನ್ಸಿನ ಅವಿನ್ಯೋನ್ ನಗರದಲ್ಲಿ ಇದರ ಅಂತರರಾಷ್ಟ್ರೀಯ ಸಂಘವು ಸ್ಥಾಪಿತವಾಗಿ, ಕೆನಡಾದ ಲೆಸ್ ಮ್ಯಾಕ್‌ಡೊನಾಲ್ಡ್ ಎಂಬವರು ಪ್ರಥಮಾಧ್ಯಕ್ಷರಾದರು. ಸ್ತ್ರೀಪುರುಷರಿಗೆ ಸಮಾನ ದೂರ, ಸಮಾನ ಬಹುಮಾನ ಎಂಬುದು ಆರಂಭದಿಂದಲೇ ಆ ಸಂಘದ ನಿಯಮವಾಗಿತ್ತು. 1994ರಲ್ಲಿ ಪ್ಯಾರಿಸಿನಲ್ಲಿ ಕೂಡಿದ ಒಲಿಂಪಿಕ್ ಸಮಿತಿಯು ಈ ಪಂದ್ಯವನ್ನು ಅಂಗೀಕರಿಸಿತು.

2000ನೆಯ ಇಸವಿ ಸೆಪ್ಟೆಂಬರ್ 16ರಂದು, ಸಿಡ್ನಿ ಕ್ರೀಡೋತ್ಸವದ ಪ್ರಾರಂಭದ ಮರುದಿನವೇ, ಒಲಿಂಪಿಕ್ ಇತಿಹಾಸದ ಮೊದಲನೆಯ ಟ್ರಯತ್ಲಾನ್ ನಡೆಯಿತು. ಅದು ಸ್ತ್ರೀಯರ ಪಂದ್ಯ. ಪುರುಷರ ಸರದಿ ಮರುದಿನ ಬಂದಿತು. ಸ್ವಿಟ್ಜರ್ಲೆಂಡಿನ ಬ್ರಿಗಿಟ್ ಮ್ಯಾಕ್‌ಮಹೋನ್ ಎಂಬಾಕೆಯು ಎರಡು ಗಂಟೆಗಳ ಹೋರಾಟದ ಕೊನೆಯಲ್ಲಿ ಆಸ್ಟ್ರೇಲಿಯದ ಮಿಶೆಲಿ ಜೋನ್ಸಳನ್ನು ಎರಡೇ ಸೆಕೆಂಡುಗಳ ಅಂತರದಿಂದ ಗೆದ್ದಳು. ಅಂದು ಆ ಸ್ತ್ರೀಯರು ಸಮುದ್ರದಲ್ಲಿ 1,500 ಮೀಟರ್ ಈಜಿದರಷ್ಟೆ; ಅದೇ ಕಾಲದಲ್ಲಿ ಒಲಿಂಪಿಕ್ ಈಜುಕೊಳದಲ್ಲಿ ಸ್ತ್ರೀಯರಿಗೆ 800 ಮೀಟರಿಗಿಂತ ದೀರ್ಘವಾದ ಪಂದ್ಯವೇ ಇರಲಿಲ್ಲ! ಆ ಕೊರತೆಯು ನೀಗಿದ್ದು 2021ರಲ್ಲಿ ನಡೆದ ಟೋಕಿಯೊ ಕ್ರೀಡೆಗಳಲ್ಲಿ. ಅಲ್ಲಿಯೇ ಫ್ಲೋರಾ ಡಫಿ ಎಂಬಾಕೆಯು ಟ್ರಯತ್ಲಾನಿನಲ್ಲಿ ಗೆದ್ದು, ಬರ್ಮುಡಾ ಎಂಬ ಪುಟ್ಟ ದ್ವೀಪಕ್ಕೆ ಅದರ ಮೊದಲನೆಯ ಒಲಿಂಪಿಕ್ ಸ್ವರ್ಣಪದಕವನ್ನು ತಂದಳು. ಇಬ್ಬರು ಸ್ತ್ರೀಯರೂ ಇಬ್ಬರು ಪುರುಷರೂ ಒಂದೇ ತಂಡವಾಗಿ ಸ್ಪರ್ಧಿಸುವ ಪಂದ್ಯವೂ ಆಗಲೇ ಆರಂಭವಾಯಿತು.

ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? 1928ರ ಸ್ತ್ರೀಯ ಶರೀರವೂ 2000ದ ಸ್ತ್ರೀಯ ಶರೀರವೂ ದೇವರ ಒಂದೇ ಸೃಷ್ಟಿ. ಬಾಗಿಲನ್ನು ಮುಚ್ಚಿದ್ದು ದೇಹದ ದೌರ್ಬಲ್ಯವಲ್ಲ, ನೋಡುವವರ ಅಭಿಪ್ರಾಯ. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿ ಓಟದ ಪಂದ್ಯವನ್ನು ಆತ್ಮಸಂಯಮಕ್ಕೆ ದೃಷ್ಟಾಂತವಾಗಿ ತೆಗೆದುಕೊಂಡಿದ್ದಾನೆ. ಆ ಸಂಯಮವು ಹುಡುಗರಿಗೆ ಮಾತ್ರ ಬೇಕಾದ ಗುಣವಲ್ಲ. ಮಗಳು ಮೇಲಿನ ತರಗತಿಗೆ ಬಂದೊಡನೆ ಆಟದ ಬಯಲಿನಿಂದ ಆಕೆಯನ್ನು ಬಿಡಿಸುವ ತಾಯಿತಂದೆಗಳು ಹಾಗೆ ಮಾಡುವುದು ಪ್ರೀತಿಯಿಂದಲೇ ಎಂಬುದನ್ನು ನಾವು ಬಲ್ಲೆವು. ಆಮ್ಸ್ಟರ್‌ಡ್ಯಾಮಿನ ಹಿರಿಯರೂ ಹಿತವನ್ನೇ ಬಯಸಿದ್ದಿರಬಹುದು. ಅವರ ತಪ್ಪನ್ನು ತಿದ್ದುವುದಕ್ಕೆ 32 ವರ್ಷಗಳು ಬೇಕಾದವು. ನಮ್ಮ ಮಕ್ಕಳಿಗೆ ಶಾಲೆಯ ವರ್ಷಗಳು ಅಷ್ಟಿಲ್ಲ.